ಒಂಬತ್ತು ದಿನದ ಕೈಪಿಡಿ

ನಾಲ್ಕೂ ನಲವತ್ತಕ್ಕೆ ಏಳುವುದು. ಅಲಾರಂ ಎರಡನೇ ಸಲ ಕೂಗುವುದರೊಳಗೆ ಅದರ ಬಾಯಿ ಮುಚ್ಚಿಸುವುದು. ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಐದು ನಿಮಿಷದಲ್ಲಿ ತನ್ನ ಲಿಂಗಪೂಜೆ. ಕಾರಿಡಾರಿನ ಕುಂಡದಲ್ಲಿರುವ ಬಿಲ್ವದ ಗಿಡದಿಂದ ಅತ್ತೆಗೆ ಪತ್ರಿ ಕಿತ್ತು ತರುವುದು. ಗಿಡ ಮೊಳಕಾಲೆತ್ತರದ್ದು, ಇವತ್ತು ಯಾವ ಟೊಂಗೆ, ನಾಳೆ ಯಾವ ಟೊಂಗೆ ಎಂಬುದು ನೆನಪಿರಬೇಕು. ಪೂಜೆಗೆ ತಂಬಿಗೆ ನೀರು, ವಿಭೂತಿ ಗಟ್ಟಿ, ಊದಿನಕಡ್ಡಿ. ಕೂರುವ ಸ್ಟೂಲಿನ ಮೇಲೆ ಮಡಿಚಿದ ಟವೆಲ್. ಬೇಳೆ ಕುಕ್ಕರಿಗೆ. ಜೋಳದ ಹಿಟ್ಟಿಗೆ ಎಸರು. ಏಳು ರೊಟ್ಟಿ: ಗಂಡನ ಡಬ್ಬಿಗೆ ಮೂರು, ಅತ್ತೆಗೆ ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು. ಮಗಳಿಗೆ ರೊಟ್ಟಿ ಸೇರದು, ಅವಳಿಗೆ ಬ್ರೆಡ್ಡು. ಅವಳ ನೀರಿನ ಬಾಟಲಿ, ಸಹಿ ಹಾಕಬೇಕಾದ ಸ್ಪೆಲ್ಲಿಂಗ್ ಪುಸ್ತಕ, ಆಟದ ಪೀರಿಯಡ್ ಇರುವ ದಿನ ಬೇರೆ ಬೂಟು. ಗಂಡನ ಅಂಗಿಗೆ ಇಸ್ತ್ರಿ. ಒಗೆದ ಬಟ್ಟೆಯನ್ನು ಬಿದಿರ ಕೋಲಿಗೆ ಏರಿಸಿ ಅಡುಗೆಮನೆಯ ಕಿಟಕಿಯಾಚೆ ಚಾಚುವುದು. ಮಗಳನ್ನು ಮೂರು ಸಲ ಎಬ್ಬಿಸುವುದು. ಆರೂವರೆಗೆ ಅವಳನ್ನು ಕೆಳಗೆ ವಾಯ್ಡ್ ಡೆಕ್ಕಿನ, ಅಂದರೆ ಕಟ್ಟಡದಡಿಯ ತೆರೆದ ಹಜಾರದ, ಮುಂದೆ ಶಾಲೆಯ ಬಸ್ಸು ಹತ್ತಿಸಿ, ಮೇಲೆ ಬಂದು, ಇನ್ನೂ ಬೆಳಕು ಹರಿಯದ ಕಿಟಕಿಯ ಪಕ್ಕ ಲ್ಯಾಪ್‌ಟಾಪ್ ತೆರೆದು ಹತ್ತು ಗಂಟೆಯ ಪಾಠದ ಚಿತ್ರಗಳನ್ನು ಸಾಲಿಗೆ ಹಚ್ಚುವುದು.

ಸಿಂಗಪುರದಲ್ಲಿ ಸೂರ್ಯ ಹುಟ್ಟುವುದು ಏಳರ ಮೇಲೆ. ಹಾಗಾಗಿ ಹೌಗಾಂಗ್‌ನ ಆ ಒಂಬತ್ತನೇ ಮಹಡಿಯ ಮನೆಯಲ್ಲಿ ಸುರೇಖಾಳ ಅರ್ಧ ದಿನದ ಕೆಲಸ ಯಾರ ಕಣ್ಣಿಗೂ ಬೀಳದೆ ಮುಗಿದುಹೋಗುತ್ತಿತ್ತು. ಉಳಿದವರು ಎದ್ದಾಗ ಎಲ್ಲವೂ ತಾನಾಗಿಯೇ ಆದ ಹಾಗೆ ಇರುತ್ತಿತ್ತು.

ಅವಳು ಗದಗಿನವಳು. ಧಾರವಾಡದಲ್ಲಿ ಓದಿ, ಗುಡಿಗಳ ಶಿಲ್ಪದ ಮೇಲೆ ಎಂ.ಎ. ಮುಗಿಸಿದವಳು. ಗಂಡ ಆನಂದಕುಮಾರನಿಗೆ ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕ ಮೇಲೆ ಇಲ್ಲಿಗೆ ಬಂದಳು. ನಾಲ್ಕು ವರ್ಷ ಮನೆಯಲ್ಲಿದ್ದಳು. ಆಮೇಲೆ ಅಮೆರಿಕದ ಕೆಲವು ಕಾಲೇಜುಗಳು ಸೇರಿ ನಡೆಸುವ ಒಂದು ಕೇಂದ್ರದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಸೆಮಿಸ್ಟರಿಗೆ ಇಪ್ಪತ್ತು ಮಂದಿ ಹುಡುಗ ಹುಡುಗಿಯರು ಅಲ್ಲಿಂದ ಬರುತ್ತಿದ್ದರು. ಒಂದಿಷ್ಟು ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ ಓದಿ, ಏಷ್ಯಾ ನೋಡಿಕೊಂಡು ವಾಪಸು ಹೋಗುತ್ತಿದ್ದರು. ಆಗ್ನೇಯ ಏಷ್ಯಾದ ಕಲೆಯ ಇತಿಹಾಸ ಸುರೇಖಾಳ ಪಾಲು. ಕೆಲಸ ಗಂಟೆಯ ಲೆಕ್ಕದ್ದು. ಸೆಮಿಸ್ಟರು ಮುಗಿದರೆ ಅದೂ ಮುಗಿಯಿತು, ಮತ್ತೆ ಕರೆದರೆ ಉಂಟು. ಐದು ವರ್ಷದಿಂದ ಕರೆಯುತ್ತಿದ್ದರು.

ಆ ಕೋರ್ಸಿನ ಜೀವವೆಂದರೆ ಜಾವಾ ದ್ವೀಪಕ್ಕೆ ಒಂಬತ್ತು ದಿನದ ಪ್ರವಾಸ. ಬೊರೊಬುದುರ್‌ನ ಮಹಾಸ್ತೂಪ, ಸುತ್ತಲಿನ ಗುಡಿಗಳು. ಅದಕ್ಕೊಂದು ಕೈಪಿಡಿ ಬೇಕಿತ್ತು, ಸುರೇಖಾ ಬರೆದಳು. ಎಪ್ಪತ್ತೆರಡು ಪುಟ. ಎಷ್ಟು ಗಂಟೆಗೆ ಎಲ್ಲಿ ನಿಲ್ಲಬೇಕು, ಪೂರ್ವದ ಮೆಟ್ಟಿಲಿನಿಂದ ಹತ್ತಿ ಹೇಗೆ ಪ್ರದಕ್ಷಿಣೆ ಹಾಕಬೇಕು, ಯಾವ ಮೂಲೆಯ ಯಾವ ಫಲಕದಲ್ಲಿ ಬುದ್ಧನ ಕತೆಯ ಅಂಚಿಗೆ ನೀರು ಹೊರುವ ಹೆಂಗಸರು ನಿಂತಿದ್ದಾರೆ, ಎಲ್ಲವೂ ಅದರಲ್ಲಿತ್ತು. ಮಕ್ಕಳನ್ನು ಕರೆದೊಯ್ಯುತ್ತಿದ್ದವರು ಕೇಂದ್ರದ ನಿರ್ದೇಶಕರಾದ ಮೈಸೂರಿನ ದ್ವಾರಕನಾಥ್. ಅವರದು ತತ್ವಶಾಸ್ತ್ರ. ಶಿಲ್ಪ ಗೊತ್ತಿರಲಿಲ್ಲ, ಆದರೆ ಕೈಪಿಡಿ ಕೈಯಲ್ಲಿತ್ತಲ್ಲ.

ಸುರೇಖಾ ಮಾತ್ರ ಬೊರೊಬುದುರ್ ನೋಡಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಮೊದಲ ವರ್ಷ ಒಬ್ಬ ಹುಡುಗಿ, “ಪ್ರೊಫೆಸರ್, ನಿಮಗೆ ಅಲ್ಲಿ ಯಾವ ಜಾಗ ಇಷ್ಟ?” ಎಂದು ಕೇಳಿದಾಗ, “ನೀರು ಹೊರುವ ಹೆಂಗಸರ ಹತ್ತಿರ” ಎಂದುಬಿಟ್ಟಿದ್ದಳು. ಸುಳ್ಳಲ್ಲ. ಆ ಚಿತ್ರವನ್ನು ಅವಳು ಪರದೆಯ ಮೇಲೆ ನೂರು ಸಲ ದೊಡ್ಡದು ಮಾಡಿ ನೋಡಿದ್ದಳು.

ಎರಡು ಸಾವಿರದ ಎಂಟರ ಫೆಬ್ರುವರಿಯ ಒಂದು ಸೋಮವಾರ ದ್ವಾರಕನಾಥ್ ಅವಳನ್ನು ತಮ್ಮ ಕೋಣೆಗೆ ಕರೆದರು. ಕಿಟಕಿಯಾಚೆ ಯಾವುದೋ ಹಳೆಯ ಅಪಾರ್ಟ್‌ಮೆಂಟನ್ನು ಕೆಡವುತ್ತಿದ್ದರು. ಆ ವರ್ಷ ಊರಿಗೆ ಊರೇ ಕೆಡವಿ ಕಟ್ಟುವ ಹುಚ್ಚಿನಲ್ಲಿತ್ತು. ಮೇಜಿನ ಮೇಲೆ ಹಿಂದಿನ ಸೆಮಿಸ್ಟರಿನ ವಿದ್ಯಾರ್ಥಿಗಳು ಬರೆದುಕೊಟ್ಟ ಅಭಿಪ್ರಾಯದ ಹಾಳೆಗಳಿದ್ದವು.

“ಕೂತ್ಕೊಳಿ ಸುರೇಖಾ ಅವರೇ. ಎಲ್ಲಾ ಚೆನ್ನಾಗೇ ಬರ್ದಿದಾರೆ. ಇದೊಂದು ನೋಡಿ.”

ಇಂಗ್ಲಿಷಿನಲ್ಲಿ ಒಂದೇ ಸಾಲು. ಈ ಕೈಪಿಡಿ ಬರೆದವರು ಮಧ್ಯಾಹ್ನ ಹನ್ನೆರಡಕ್ಕೆ ಆ ಕಲ್ಲಿನ ಮೇಲೆ ನಿಂತವರಲ್ಲ.

“ನಾಲ್ಕನೇ ದಿನ ಹನ್ನೊಂದರಿಂದ ಒಂದರ ತನಕ ಮೇಲಿನ ಅಂತಸ್ತು ಅಂತ ಹಾಕಿದೀರಿ. ಅಲ್ಲಿ ಒಂದು ಹುಲ್ಲುಕಡ್ಡಿ ನೆರಳಿಲ್ಲ. ಇಬ್ರು ಹುಡುಗೀರು ತಲೆಸುತ್ತಿ ಬಿದ್ರು. ನಾನೂ ಬೀಳೋನೇ, ಸದ್ಯ ಛತ್ರಿ ಇತ್ತು. ನೀವು ಅಲ್ಲಿಗೆ ಹೋಗಿದೀರಾ?”

“ಇಲ್ಲ ಸರ್.”

ದ್ವಾರಕನಾಥ್ ಕನ್ನಡಕ ತೆಗೆದು ಒರೆಸಿದರು. “ಬೈತಿಲ್ಲ ನಾನು. ಆದ್ರೆ ಅಮೆರಿಕದ ಆಫೀಸ್‌ನೋರು ಇದನ್ನ ಓದಿದಾರೆ. ಇನ್ಮೇಲೆ ಕೋರ್ಸ್ ತಗೊಳ್ಳೋರೇ ಟ್ರಿಪ್ ಲೀಡ್ ಮಾಡ್ಬೇಕಂತೆ. ಮಾರ್ಚ್ ಒಂದರಿಂದ ಒಂಬತ್ತು. ನೀವು ಹೋದ್ರೆ ಕೋರ್ಸ್ ನಿಮ್ದು, ಮುಂದಿನ ವರ್ಷದಿಂದ ಪರ್ಮನೆಂಟ್ ಮಾಡೋಕೂ ಬರೀತೀನಿ. ಆಗಲ್ಲ ಅಂದ್ರೆ ವಿಶ್ವಜಿತ್ ಅಂತ ಒಬ್ರು ಕೇಳ್ತಿದಾರೆ, ಜಾವಾದಲ್ಲೇ ಎರಡು ವರ್ಷ ಇದ್ದು ಬಂದವರು. ಶುಕ್ರವಾರ ಮಧ್ಯಾಹ್ನ ಟಿಕೆಟ್ ಬುಕ್ ಮಾಡ್ತಾರೆ. ಅಷ್ಟರೊಳಗೆ ಪಾಸ್‌ಪೋರ್ಟ್ ನಂಬರ್ ಕಳಿಸಿ.”

“ಮನೇಲಿ ಕೇಳ್ಬೇಕು ಸರ್. ಅತ್ತೆ ಇದಾರೆ.”

“ಅಯ್ಯೋ, ಒಂಬತ್ತು ದಿನ ಅಲ್ವೇ? ಹೇಗೋ ಆಗ್ಹೋಗತ್ತೆ. ನಾನು ತಿಂಗಳುಗಟ್ಟಲೆ ಹೋಗ್ತೀನಿ, ನಮ್ಮ ನಿರುಪಮಾ ಎಲ್ಲಾ ನೋಡ್ಕೋತಾಳೆ.”

ಮನೆಗೆ ಹೋಗುವ ರೈಲಿನಲ್ಲಿ ಸುರೇಖಾಳಿಗೆ ಆ ಒಂದು ಸಾಲಿಗಿಂತ ಬೇರೆಯೇ ಒಂದು ಮಾತು ಕುಟುಕುತ್ತಿತ್ತು. ಐದು ವರ್ಷದ ಹಿಂದೆ ಅವರ ಮನೆಯಲ್ಲಿ ಯಾತಿ ಎಂಬ ಕೆಲಸದವಳಿದ್ದಳು, ಹನ್ನೊಂದು ತಿಂಗಳು. ಅವಳ ಊರು ಬೊರೊಬುದುರ್‌ನಿಂದ ಮೂರು ಮೈಲಿ. ಚಿಕ್ಕವಳಿದ್ದಾಗ ಅಲ್ಲಿ ಪ್ರವಾಸಿಗರಿಗೆ ಛತ್ರಿ ಬಾಡಿಗೆ ಕೊಡುತ್ತಿದ್ದಳಂತೆ. ಸುರೇಖಾ ಊಟದ ಮೇಜಿನ ಮೇಲೆ ಕೈಪಿಡಿ ಬರೆಯುತ್ತಿದ್ದಾಗ, ಪಾತ್ರೆ ಒರೆಸುತ್ತಾ ಪುಸ್ತಕದ ಚಿತ್ರ ನೋಡಿ, “ಮ್ಯಾಡಂ, ಹತ್ತು ಗಂಟೆ ಮೇಲೆ ಅಲ್ಲಿ ಹತ್ತಬಾರದು. ಕಲ್ಲು ಬೆಂಕಿ. ನಾವೇ ಹತ್ತುತ್ತಿರಲಿಲ್ಲ” ಎಂದಿದ್ದಳು. ಸುರೇಖಾ ನಕ್ಕು ತಲೆಯಾಡಿಸಿದ್ದಳು. ಬರೆದುಕೊಂಡಿರಲಿಲ್ಲ. ಅವಳ ಮುಂದಿದ್ದ ಆರು ಪುಸ್ತಕಗಳಲ್ಲಿ ಯಾವುದರಲ್ಲೂ ಆ ಮಾತು ಇರಲಿಲ್ಲ, ಮತ್ತು ಯಾತಿಯ ಹೆಸರನ್ನು ಅಡಿಟಿಪ್ಪಣಿಯಲ್ಲಿ ಹಾಕುವಂತಿರಲಿಲ್ಲ.

ಯಾತಿ ಹೋದದ್ದು ಅತ್ತೆ ಬಂದ ಮೇಲೆ. ಅತ್ತೆ ದಾನವ್ವನಿಗೆ ಲಿಂಗ ಕಟ್ಟಿಕೊಂಡವರ ಕೈಯಡುಗೆಯೇ ಆಗಬೇಕು. ಅದು ಹಟವಲ್ಲ, ಅರವತ್ತು ವರ್ಷದ ನೇಮ. ಯಾತಿ ಮುಟ್ಟಿದ ಅನ್ನ ಉಣ್ಣದೆ ಎರಡು ದಿನ ಬಾಳೆಹಣ್ಣು ತಿಂದು ಕೂತಿದ್ದರು, ಒಂದು ಮಾತು ಬೈಯದೆ. ಮೂರನೆಯ ದಿನ ಸುರೇಖಾ ತಾನೇ ಸೌಟು ಹಿಡಿದಳು.

ಆ ಲೆಕ್ಕದಲ್ಲಿ ದಾನವ್ವ ಹೆತ್ತ ಮಗನ ಕೈಯಡುಗೆಯೂ ಉಣ್ಣುವಂತಿರಲಿಲ್ಲ. ಆನಂದಕುಮಾರ ಲಿಂಗ ತೆಗೆದಿಟ್ಟು ಎಂಟು ವರ್ಷವಾಗಿತ್ತು. ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಹ್ಯಾಂಗರಿನಲ್ಲಿ ಎಂಜಿನ್ ಹತ್ತಿರ ಕೊರಳಲ್ಲಿ ಏನೂ ತೂಗುವಂತಿಲ್ಲ. ಉಂಗುರ, ಸರ, ದಾರ ಎಲ್ಲವನ್ನೂ ಬಿಚ್ಚಿಟ್ಟೇ ಒಳಗೆ ಹೋಗಬೇಕು. ಮೊದಮೊದಲು ಮನೆಗೆ ಬಂದು ಕಟ್ಟಿಕೊಳ್ಳುತ್ತಿದ್ದ. ಆಮೇಲೆ ಹಬ್ಬಕ್ಕೆ. ಈಗ ಲಿಂಗವಿದ್ದ ಬೆಳ್ಳಿಯ ಕರಡಿಗೆ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಕಪಾಟಿನಲ್ಲಿ, ಮದುವೆಯ ಫೋಟೋಗಳ ಕೆಳಗಿತ್ತು. ಅವನಿಗೆ ಅಡುಗೆ ಬರುವುದಿಲ್ಲವೆಂದೇನಲ್ಲ. ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಮೂರು ವರ್ಷ ಬೇಯಿಸಿಕೊಂಡು ತಿಂದವನು. ಆದರೆ ಅವ್ವ ಉಣ್ಣುವುದಿಲ್ಲ ಎಂದ ಮೇಲೆ ಒಲೆಯ ಹತ್ತಿರ ಹೋಗುವ ಪ್ರಶ್ನೆಯೇ ಇಲ್ಲವಾಗಿತ್ತು. ಇದು ಯಾರೂ ಹೂಡಿದ ಸಂಚಲ್ಲ. ಆದರೂ ಸಂಚಿಗಿಂತ ಗಟ್ಟಿಯಾಗಿ ನಿಂತಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಸುರೇಖಾ ವಿಷಯ ತೆಗೆದಳು.

“ಹೋಗವ್ವಾ, ಯಾರ ಬ್ಯಾಡ ಅಂದಾರ?” ಎಂದರು ದಾನವ್ವ, ರೊಟ್ಟಿ ಮುರಿಯುತ್ತಾ. ಆ ತುತ್ತು ನುಂಗಿ, “ಶಿವರಾತ್ರಿ ಯಾವತ್ತ ಬಂತು?”

“ಆರನೇ ತಾರೀಖ್ರಿ ಅತ್ತಿ.”

“ಹೂಂ. ಇರಲಿ. ನನಗ ಬಾಳೆಹಣ್ಣ ಸಾಕು. ಈಗೇನ ಹೊಟ್ಟಿ ಭಾಳ ಕೇಳಂಗಿಲ್ಲ.”

ಮಗಳು ಅಕ್ಷತಾ ತಟ್ಟೆಯಿಂದ ತಲೆಯೆತ್ತಿದಳು. ಸಿಂಗಪುರದವರ ‘ಲಾ’ ಅವಳ ಮಾತಿನ ಕೊನೆಗೂ ಅಂಟಿಕೊಂಡಿತ್ತು. “ಮಮ್ಮಿ, ಮ್ಯಾಥ್ಸ್ ಟೆಸ್ಟ್ ಫಿಫ್ತ್‌ಗೆ ಲಾ. ನಂಗೆ ಯಾರು ಹೇಳಿಕೊಡ್ತಾರೆ?”

“ಪಪ್ಪಾ ಎಂಜಿನಿಯರ್ ಅಲ್ಲೇನು?”

“ಪಪ್ಪಾ ಶೌಟ್ ಮಾಡ್ತಾರೆ ಲಾ.”

ಆನಂದಕುಮಾರ ನಕ್ಕ. ಅವನು ಕೆಟ್ಟವನಲ್ಲ. ಅಪ್ಪಣೆ ಕೊಡುವ ಜಾತಿಯ ಗಂಡನೂ ಅಲ್ಲ; ಅವನಿಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು. “ಹೋಗು. ಪರ್ಮನೆಂಟ್ ಆಗತೈತಿ ಅಂದ್ರ ಯಾಕ ಬಿಡಬೇಕು? ಆದ್ರ ಒಂದ ಮಾತು. ಎಲ್ಲಾ ಬರದಿಟ್ಟ ಹೋಗು. ನಮ್ಮ ಹ್ಯಾಂಗರ್‌ದಾಗ ಹ್ಯಾಂಡೋವರ್ ಬರೀದ ಯಾರೂ ಶಿಫ್ಟ್ ಬಿಡಂಗಿಲ್ಲ. ಯಾವ ಬೋಲ್ಟ್ ಬಿಚ್ಚೇನಿ, ಯಾವುದು ಬಾಕಿ ಐತಿ, ಎಲ್ಲಾ. ಬಂದಾಂವ ಅದನ್ನ ಓದಿ ಮಾಡ್ತಾನ. ಬರದಿದ್ರೊಳಗ ಏನರ ಬಿಟ್ಟಿದ್ರ ಅದು ಬಿಟ್ಟ ಹೋದಾಂವನ ತಪ್ಪು.”

“ಅಂದ್ರ ನೀವು ಮಾಡೂದರಾಗ ಏನರ ತಪ್ಪಾದ್ರ ಅದೂ ನಂದ?”

“ಹಂಗಲ್ಲೇ. ಸಿಸ್ಟಂ ಹೇಳಾಕತ್ತೇನಿ.”

ದಾನವ್ವ ತಟ್ಟೆಯಲ್ಲೇ ಕೈ ತೊಳೆದು, ಸೊಸೆಯ ಮುಖ ನೋಡದೆ ಹೇಳಿದರು: “ನಾ ಶ್ರೀಶೈಲ ನೋಡಿದ್ದು ನಿಮ್ಮ ಮಾವ ತೀರಿಕೊಂಡ ಮ್ಯಾಲ. ಹದಿನಾಕ ಮಂದಿ ಮನಿ. ಬಿಟ್ಟ ಹೋಗಾಕ ಆಗತಿತ್ತೇನ?”

ಅದು ಚುಚ್ಚಿದ್ದೋ, ಇನ್ನೇನನ್ನಾದರೂ ಹೇಳಿದ್ದೋ, ಸುರೇಖಾಳಿಗೆ ತಿಳಿಯಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಂಗಳವಾರದಿಂದ ಬರೆಯತೊಡಗಿದಳು. ರೈಲಿನಲ್ಲಿ ನಿಂತುಕೊಂಡು, ಕ್ಲಾಸಿನ ನಡುವೆ, ಕುಕ್ಕರಿನ ಸೀಟಿ ಎಣಿಸುತ್ತಾ. ಕೈಪಿಡಿ ಬರೆದು ಪಳಗಿದ ಕೈ. ಒಂದು: ಬಿಲ್ವದ ಗಿಡಕ್ಕೆ ದಿನ ಬಿಟ್ಟು ದಿನ ನೀರು, ಕೆಳಗಿನ ಟೊಂಗೆ ಮುಟ್ಟಬೇಡಿ. ಏಳು: ವಿಭೂತಿ ಮುಗಿದರೆ ದೇವರ ಗೂಡಿನ ಎಡಗಡೆ ಇನ್ನೊಂದು ಗಟ್ಟಿ. ಹದಿನಾಲ್ಕು: ಬುಧವಾರ ನ್ಯೂಸ್‌ಪೇಪರ್ ಅಂಕಲ್ ಬರುತ್ತಾರೆ, ರದ್ದಿ ಬಾಗಿಲ ಹೊರಗೆ. ಇಪ್ಪತ್ಮೂರು: ಅಕ್ಷತಾ ಹೊಟ್ಟೆನೋವು ಎಂದರೆ ಮೊದಲು ಆ ದಿನ ಚೈನೀಸ್ ಕ್ಲಾಸ್ ಇದೆಯಾ ನೋಡಿ. ಮೂವತ್ತು: ಅತ್ತೆ ನೋವಿಲ್ಲ ಎಂದರೆ ನೋವಿದೆ ಎಂದು. ಬರೆಯುತ್ತಾ ಹೋದ ಹಾಗೆ ಅವಳಿಗೇ ಗಾಬರಿಯಾಯಿತು. ಇಷ್ಟೊಂದು ಕೆಲಸವನ್ನು ತಾನು ಮಾಡುತ್ತಿದ್ದೇನೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಬುಧವಾರಕ್ಕೆ ಅರವತ್ತೊಂದು ಕಲಮು, ಹದಿನಾಲ್ಕು ಪುಟವಾಯಿತು. ಅರವತ್ತೊಂದನೆಯದು ಅತ್ತೆಯ ಊಟ: ಹೋಗುವ ಮುಂಚೆ ತಾನೇ ನೂರು ಖಡಕ್ ರೊಟ್ಟಿ ಬಡಿದು ಒಣಗಿಸಿಡುವುದು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಉಂಡೆ. ದಿನಕ್ಕೆ ಹದಿಮೂರರಂತೆ ಎಂಟು ಸಂಜೆ ಬಡಿದರೆ ಮುಗಿಯುತ್ತದೆ. ತೋಳು ಈಗಲೇ ಸೋತ ಹಾಗಾಯಿತು.

ಗುರುವಾರ ಆನಂದಕುಮಾರ ಆ ಹಾಳೆಗಳನ್ನು ಡ್ಯೂಟಿಗೆ ಒಯ್ದ. ಸಂಜೆ ತಂದುಕೊಟ್ಟಾಗ ಅಂಚಿನ ತುಂಬ ಕೆಂಪು ಶಾಯಿ.

“ಚೊಲೋ ಬರದಿ. ಆದ್ರ ಅಲ್ಲಲ್ಲಿ ಕ್ಲಿಯರ್ ಇಲ್ಲ. ನೋಡು, ‘ಹಿಟ್ಟಿಗೆ ಸಾಕಷ್ಟು ಎಸರು’ ಅಂದೀ. ಸಾಕಷ್ಟು ಅಂದ್ರ ಎಷ್ಟು ಎಂಎಲ್?”

“ಕೈಗೆ ಗೊತ್ತಾಗತೈತ್ರಿ.”

“ಯಾರ ಕೈಗೆ?”

ಅವನು ಪುಟ ಮಗುಚಿದ. “ಇಲ್ಲಿ ‘ಅವ್ವನ ಮುಖ ನೋಡಿದರೆ ತಿಳಿಯುತ್ತದೆ’ ಅಂದೀ. ಏನ ನೋಡಬೇಕು? ಲಿಸ್ಟ್ ಮಾಡು. ನಲವತ್ತನೇದು ನಲವತ್ನಾಕನೇದು ಒಂದಕ್ಕೊಂದು ಕ್ಲ್ಯಾಶ್ ಆಗತಾವು, ಎರಡೂ ಆರೂ ಇಪ್ಪತ್ತಕ್ಕ. ಒಬ್ಬರು ಎರಡು ಕಡೆ ಹೆಂಗ ಇರತಾರ?”

“ನಾ ಇರತೇನಲ್ರಿ ದಿನಾ.”

ಅವನು ಅದನ್ನು ಜೋಕೆಂದು ತಿಳಿದು ನಕ್ಕ. “ನಾಳೆ ಫೈನಲ್ ಮಾಡು. ಪ್ರಿಂಟ್ ತಗೋತೇನಿ.” ಕೊನೆಯ ಪುಟದ ಕೆಳಗೆ ಅವನು ಹ್ಯಾಂಗರಿನ ಪದ್ಧತಿಯಂತೆ ಗೆರೆ ಹಾಕಿದ್ದ. ವಹಿಸಿ ಹೋಗುವವರ ಹೆಸರು, ಸಹಿ, ವೇಳೆ. ವಹಿಸಿಕೊಳ್ಳುವವರ ಹೆಸರಿಗೆ ಜಾಗ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಹೊಳೆದಿರಲಿಲ್ಲ ಅಷ್ಟೆ.

ಶುಕ್ರವಾರ ನಾಲ್ಕೂ ನಲವತ್ತಕ್ಕೆ ಸುರೇಖಾ ಎದ್ದಳು. ಸ್ನಾನ ಮಾಡಿದಳು, ಪೂಜೆ ಮಾಡಿದಳು, ಬೇಳೆ ಇಟ್ಟಳು. ಕುಕ್ಕರ್ ಕೂಗುವ ತನಕ ಹಾಳೆಗಳನ್ನು ತಿದ್ದೋಣವೆಂದು ಊಟದ ಮೇಜಿಗೆ ಕೂತಳು. ಒಂದು ಪಕ್ಕ ಜಾವಾದ ಎಪ್ಪತ್ತೆರಡು ಪುಟ. ಅದರ ನಾಲ್ಕನೇ ದಿನವನ್ನು ನಿನ್ನೆ ರೈಲಿನಲ್ಲಿ ಹೊಡೆದುಹಾಕಿ, ‘ಹತ್ತರೊಳಗೆ ಕೆಳಗಿಳಿಯಬೇಕು’ ಎಂದು ಬರೆದು, ಬದಿಯಲ್ಲಿ ಯಾತಿ ಎಂದು ಹಾಕಿದ್ದಳು. ಇನ್ನೊಂದು ಪಕ್ಕ ಮನೆಯ ಹದಿನಾಲ್ಕು ಪುಟ. ‘ಸಾಕಷ್ಟು’ ಎಂಬುದರ ಸುತ್ತ ಕೆಂಪು ವೃತ್ತ.

ಎಸರು ಎಷ್ಟು ಎಂಎಲ್ ಎಂದು ಅಳೆಯಲು ಲೋಟ ತೆಗೆದಳು. ನೀರು ತುಂಬಿದಳು. ಲೋಟ ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಇದನ್ನು ಅಳೆದು ಬರೆದರೆ ನಲವತ್ತು, ನಲವತ್ನಾಲ್ಕನೇ ಕಲಮು ತಿದ್ದಬೇಕು. ಅದು ಮುಗಿದರೆ ಮುಖದ ಪಟ್ಟಿ ಮಾಡಬೇಕು. ಆಮೇಲೆ ನೂರು ರೊಟ್ಟಿ. ಅಷ್ಟೂ ಮಾಡಿ ವಿಮಾನ ಹತ್ತಿದರೂ ಫೋನು ಬರುತ್ತದೆ: ಇದನ್ನ ಬರದಿಲ್ಲಲ್ಲ? ಎಲ್ಲವನ್ನೂ ಬರೆದ ಕೈಪಿಡಿ ಹಿಡಿದುಕೊಂಡು ಹೋದವರೇ ತಲೆಸುತ್ತಿ ಬಿದ್ದಿದ್ದರು. ಅವಳಿಗೆ ಸಿಟ್ಟೂ ಬರಲಿಲ್ಲ. ಇನ್ನು ಬರೆಯಲಾರೆ ಅನಿಸಿತು, ಅಷ್ಟೆ.

ಲೋಟದ ನೀರನ್ನು ಕಾರಿಡಾರಿಗೆ ಹೋಗಿ ಬಿಲ್ವದ ಗಿಡಕ್ಕೆ ಹಾಕಿದಳು. ಲಿಫ್ಟಿನ ಪಕ್ಕ ಚೀನೀ ಹೊಸವರ್ಷದ ಕೆಂಪು ಕಾಗದ ಇನ್ನೂ ತೂಗುತ್ತಿತ್ತು. ಒಳಗೆ ಬಂದು ಲ್ಯಾಪ್‌ಟಾಪ್ ತೆರೆದಳು. ದ್ವಾರಕನಾಥರಿಗೆ ಎರಡು ಸಾಲು: ನಾನು ಹೋಗುತ್ತೇನೆ, ಪಾಸ್‌ಪೋರ್ಟ್ ನಂಬರ್ ಇದು. ಎರಡು ಸಲ ತಾಳೆ ನೋಡಿ ಕಳಿಸಿದಳು. ಆಕಳಿಕೆ ಬಂತು.

ಹದಿನಾಲ್ಕು ಪುಟಗಳನ್ನು ಮೇಜಿನ ಮೇಲೆ ಹರಡಿ ಒಂದನ್ನು ಮಾತ್ರ ಬೇರೆ ತೆಗೆದಳು. ಅತ್ತೆಯ ಬಿ.ಪಿ. ಮಾತ್ರೆಯ ಹೆಸರು, ಹೊತ್ತು, ಡಾಕ್ಟರ ಫೋನು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಿಂದ ಸಿಕ್ಕಿಸಿದಳು. ಆ ಪುಟವನ್ನು ಹರಿಯಲು ಅವಳಿಂದ ಆಗುತ್ತಿರಲಿಲ್ಲ, ಆಗಬೇಕೆಂದೂ ಅವಳಿಗಿರಲಿಲ್ಲ. ಉಳಿದ ಹದಿಮೂರನ್ನು ನಡುವೆ ಸೀಳಿ, ಬುಧವಾರದ ರದ್ದಿಯ ಚೀಲಕ್ಕೆ ಹಾಕಿದಳು.

ಕುಕ್ಕರ್ ಮೂರನೇ ಸಲ ಕೂಗಿತು. ಒಲೆ ಆರಿಸಿ, ಕೋಣೆಗೆ ಹೋಗಿ, ಸದ್ದಾಗದ ಹಾಗೆ ಕಪಾಟು ತೆರೆದಳು. ಫೋಟೋಗಳ ಕೆಳಗಿನಿಂದ ಆ ಬಿಳಿ ಬಟ್ಟೆಯ ಗಂಟನ್ನು, ಬಿಚ್ಚದೆ, ಎರಡೂ ಕೈಯಲ್ಲಿ ಎತ್ತಿ ತಂದಳು. ಇನ್ನೊಬ್ಬರ ಲಿಂಗ ಮುಟ್ಟಬಾರದು, ಗಂಟು ಒಯ್ದಿಡಬಹುದು; ಕಟ್ಟಿಕೊಂಡವನ ಕೈಯ ರೊಟ್ಟಿಯನ್ನು ಅತ್ತೆ ಉಣ್ಣಬಹುದು. ಕರಡಿಗೆ ಅವಳು ನೆನಪಿಟ್ಟುಕೊಂಡದ್ದಕ್ಕಿಂತ ಹಗುರವಾಗಿತ್ತು. ಜೋಳದ ಹಿಟ್ಟಿನ ಡಬ್ಬಿಯ ಪಕ್ಕದ ಮಾಡದಲ್ಲಿ, ಬೆಳಿಗ್ಗೆ ಎದ್ದು ಊಟದ ಡಬ್ಬಿ ಕೇಳಲು ಬರುವ ಗಂಡನ ಕಣ್ಣಿಗೆ ಮೊದಲು ಬೀಳುವ ಕಡೆ ಇಟ್ಟಳು. ಮೇಲೆ ಚೀಟಿ ಏನೂ ಬರೆಯಲಿಲ್ಲ.

ಆಮೇಲೆ ಪರಾತ ತೆಗೆದು ಹಿಟ್ಟು ಸುರಿದುಕೊಂಡಳು. ಇವತ್ತಿಗೆ ಏಳು ರೊಟ್ಟಿ.